ಹೊರಗಿನಿಂದ ಹಾಕಿದ ಚಿಲಕ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ತಾಯಿ ನಿಂತೇ ದೂರು ಹೇಳಿದಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕಿದ್ದ ಕಿರಿಮಗಳು ಹಿಂದಿನ ದಿನ ತೀರಿಕೊಂಡಿದ್ದಳು. ತಲೆ ಸುತ್ತಿ ಬಿದ್ದಳೆಂದು ಕಾರ್ಖಾನೆಯವರು ಹೇಳಿ ಕೈತೊಳೆದುಕೊಂಡಿದ್ದರು.

"ಅವಳ ಕೈ ನೋಡಿದೆ ಸಾರ್. ಉಗುರೆಲ್ಲ ಕಿತ್ತೋಗಿದೆ. ಬಿದ್ದವಳಿಗೆ ಹಂಗಾಗತ್ತಾ?"

"ಮನೇಲಿ ಇನ್ಯಾರಿದಾರಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

"ದೊಡ್ಡವಳು. ಅಲ್ಲೇ ಸೂಪರ್‌ವೈಸರ್. ತಂಗಿ ಅಂದ್ರೆ ಪ್ರಾಣ ಅವಳಿಗೆ. ನಿನ್ನೆಯಿಂದ ಮೂಲೆ ಹಿಡಿದು ಕೂತಿದಾಳೆ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಕಾರ್ಖಾನೆಗೆ ಹೋದರು. ಹೊಲಿಗೆ ಯಂತ್ರಗಳ ಸಾಲಿನ ಕೊನೆಗೆ, ಕಲೆ ತೆಗೆಯುವ ದ್ರಾವಣ ಇಡುವ ಕಿಟಕಿಯಿಲ್ಲದ ಕೋಣೆ. ಚಿಲಕ ಹೊರಗಡೆ ಮಾತ್ರ. ಬಾಗಿಲಿನ ಒಳಮೈ ತುಂಬ ಪರಚಿದ ಗೆರೆಗಳು. ನೆಲದ ಮೇಲೆ ಉರುಳಿದ್ದ ಡಬ್ಬಿ. ಪಂಚನಾಮೆ ಬರೆಯುತ್ತಿದ್ದ ಪೇದೆ ವಾಸನೆ ತಾಳಲಾರದೆ ಎರಡು ಸಲ ಹೊರಗೆ ಬಂದ. ಆ ದ್ರಾವಣದ ಆವಿಗೇ ಉಸಿರು ಕಟ್ಟಿದೆಯೆಂದು ಸಂಜೆ ಮರಣೋತ್ತರ ವರದಿ ಬಂತು.

ಬಾಗಿಲ ಪಕ್ಕದ ಯಂತ್ರದಲ್ಲಿ ಕೂರುವ ಹೆಂಗಸನ್ನು ಕರೆಸಿದರು.

"ಬಡಿದದ್ದು ಕೇಳಿಸ್ತಾ?"

"ಕೇಳಿಸ್ತು ಸಾರ್. ಎಲ್ಲರಿಗೂ."

"ಮತ್ತೆ ತೆಗೀಲಿಲ್ಲ?"

"ಮೇಡಂ ಹಾಕಿದ ಚಿಲಕ. ನಾವು ಮುಟ್ಟೋದಾ?"

"ಯಾವ ಮೇಡಂ?"

ಹೆಂಗಸು ತಲೆ ತಗ್ಗಿಸಿದಳು. "ಅವಳ ಅಕ್ಕನೇ ಸಾರ್."

ಠಾಣೆಗೆ ಕರೆತಂದಾಗ ಅಕ್ಕ ಯಾವುದನ್ನೂ ಮುಚ್ಚಿಡಲಿಲ್ಲ.

"ಕೂಡಿಹಾಕು ಅಂತ ಮಾಲೀಕರು ಹೇಳಿದ್ರಾ?"

"ಇಲ್ಲ ಸಾರ್. ತಡವಾಗಿ ಬಂದ್ಲು. ಬೈದ್ರೆ ಎಲ್ಲರ ಮುಂದೆ 'ಹೋಗಕ್ಕಾ' ಅಂತ ನಕ್ಕಳು. ಎಲ್ಲರೂ ನಕ್ಕರು. ಸ್ವಂತ ತಂಗೀನೇ ಲೆಕ್ಕಕ್ಕಿಡದಿದ್ರೆ ನನ್ನ ಮಾತು ಇನ್ಯಾರು ಕೇಳ್ತಾರೆ ಅನ್ನಿಸ್ತು."

"ಬಡಿದಾಗ?"

"'ಅಕ್ಕಾ, ಅಕ್ಕಾ' ಅಂತಿದ್ಲು. ಒಂದೇ ಒಂದ್ಸಲ ಮೇಡಂ ಅನ್ಲಿ, ತೆಗೀತೀನಿ ಅಂತಿದ್ದೆ. ಅಷ್ಟರಲ್ಲಿ ಮಾಲೀಕರು ಕರೆದ್ರು. ಅವರ ಮುಂದೆ ನಿಂತಿದ್ದಾಗ ತಂಗಿ ಒಳಗಿದಾಳೆ ಅನ್ನೋಕೆ ಬಾಯಿ ಬರ್ಲಿಲ್ಲ. ವಾಪಸ್ ಬಂದು ಚಿಲಕ ತೆಗೆದಾಗ ಅವಳು ಬಿದ್ದಿದ್ಲು."

ಕೊನೆಗೊಮ್ಮೆ ತಂಗಿ 'ಮೇಡಂ' ಎಂದೂ ಕೂಗಿದ್ದಳೆಂದು ಪಕ್ಕದ ಹೆಂಗಸು ಹೇಳಿಕೆಯಲ್ಲಿ ಬರೆಸಿದ್ದಳು. ಇನ್‌ಸ್ಪೆಕ್ಟರ್ ಅದನ್ನು ಓದಿ ಹೇಳಲಿಲ್ಲ.

"ಈ ಕೂಡಿಹಾಕೋದು ಎಲ್ಲಿ ಕಲ್ತೆ?"

"ನಾನು ಹೊಲಿಗೆಗೆ ಕೂತಿದ್ದಾಗ ಹಳೇ ಸೂಪರ್‌ವೈಸರ್ ನನ್ನನ್ನೂ ಅಲ್ಲೇ ಹಾಕಿದ್ದ."

"ಆಗ ಯಾರು ತೆಗೆದ್ರು?"



"ತಂಗೀನೇ ಸಾರ್. ಅಷ್ಟು ಜನ ಕೂತಿದ್ರು. ಎದ್ದು ಬಂದಿದ್ದು ಅವಳೊಬ್ಬಳೇ."

ಬಂಧನದ ಕಾಗದಕ್ಕೆ ಸಹಿ ಬಿತ್ತು. ಬಂಧನದ ಸಂಗತಿಯನ್ನು ಮನೆಯವರಿಗೆ ತಿಳಿಸಬೇಕೆಂಬುದು ನಿಯಮ. ಹೊರಗೆ ಬೆಂಚಿನ ಮೇಲೆ ತಾಯಿ, ದೊಡ್ಡವಳನ್ನು ಸಾಕ್ಷಿಗೆ ಕರೆಸಿದ್ದಾರೆಂದುಕೊಂಡು, ತಪ್ಪಿತಸ್ಥರು ಸಿಕ್ಕರೇನೋ ಎಂದು ಕಾಯುತ್ತಿದ್ದಳು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವಳ ಬಳಿಗೆ ನಡೆದರು.