ನಡುಹಗಲಲ್ಲಿ ಹೋದ ಬಾಗಿಲು

ಆದೋನಿಯ ಭೀಮಲಿಂಗಪ್ಪನ ಮನೆಯ ಬಾಗಿಲು ಆನೆ ಒದ್ದರೂ ಅಲುಗಲಿಲ್ಲ. ಇದರಲ್ಲಿ ಅರ್ಧ ಸುಳ್ಳು. ನಮ್ಮ ಓಣಿಗೆ ಆನೆ ಬಂದೇ ಇಲ್ಲ. ಅಂಥ ಬಾಗಿಲೇ ಕಳುವಾಯಿತು.

೧೯೩೮ರ ಮಾರ್ಚ್ ೧೨, ಬೆಳಗ್ಗೆ ಎಂಟು ಗಂಟೆ. ಭೀಮಲಿಂಗಪ್ಪ ಠಾಣೆಯ ಮೆಟ್ಟಿಲು ಹತ್ತಿದ. ಹತ್ತು ಮಾರು ಹಿಂದೆ ಅವನ ತಮ್ಮ ಪಂಪಣ್ಣ.

"ಬಾಗ್ಲ ಮಾರಿ ತಿಂದಾನ್ರಿ ಇವ!" ಅಣ್ಣ ಕೂಗಿದ.

"ಮಾರಿದಾವ ಅವನ್ರಿ!"

ಅಪ್ಪ ಸತ್ತ ಮೇಲೆ ಇಬ್ಬರೂ ಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಬಾಗಿಲು ಮಾತ್ರ ಒಂದೇ. ಮೂರು ವರ್ಷದಿಂದ ಮಾತಿಲ್ಲ. ಈಚೆ ಕೋಳಿ ಕೂಗಿದರೆ ಆಚೆ ಕೋಳಿ ಬಾಯಿ ಮುಚ್ಚುತ್ತಿತ್ತು.

ಸಬ್ ಇನ್ಸ್‌ಪೆಕ್ಟರ್ ದಸ್ತಗಿರಿ ಸಾಹೇಬರು ಎಫ್‌ಐಆರ್ ಬರೆದು, ಒಂಬತ್ತಕ್ಕೆ ಮನೆಯಲ್ಲಿ ಪಂಚನಾಮೆ ಮಾಡಿದರು. ಚೌಕಟ್ಟಿಗೆ ಪೆಟ್ಟಿಲ್ಲ. ಹೊಸ್ತಿಲ ಬಳಿ ಎರಡು ಕಂಬಳಿ, ನಡುವೆ ಒಂದು ತಂಬಿಗೆ.

ಅಣ್ಣನನ್ನು ಬೇರೆಯಾಗಿ ಕರೆದು ಕೇಳಿದರು.

"ಬಾಗ್ಲ ಯಾವಾಗ ಹೋತು?"

"ನಿನ್ನಿ ಮಧ್ಯಾನ ರೀ. ಬಡಗಿ ಮೂಕಪ್ಪ ಬಿಚ್ಚಿ ಬಂಡ್ಯಾಗ ಹಾಕ್ಕೊಂಡು ಹೋದ."

"ನೀ ಎಲ್ಲಿದ್ದಿ?"

"ಕಟ್ಟಿ ಮ್ಯಾಲೆ ಕುಂತು ನೋಡಿದ್ನಿರಿ. ಪಂಪ ರಿಪೇರಿಗೆ ಹೇಳ್ಯಾನ ಅಂದ್ಕೊಂಡೆ. ರಾತ್ರಿ ಆದ್ರೂ ಬರ್ಲಿಲ್ಲ, ಮಾರ್ಯಾನ ಅಂದೆ. ಅವನ್ನ ನಾ ಯಾಕ ಕೇಳ್ಲಿ?"

ತಮ್ಮ ಇನ್ನೂ ಶಾಣ್ಯಾ.

"ಬಂಡಿಗೆ ಎತ್ತಾಕ ನಾನ ಕೈ ಹಚ್ಚಿದ್ನಿರಿ. ಅಣ್ಣಂದು ಹುಕುಂ ಇರ್ಬೇಕು ಅಂತ."

ಹನ್ನೊಂದಕ್ಕೆ ಸಾಹೇಬರು ಮೂಕಪ್ಪನ ಕೊಟ್ಟಿಗೆಗೆ ಹೋದರು. ಬಾಗಿಲು ಅಲ್ಲೇ ಮಲಗಿತ್ತು. ಅದರ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದವಳು ಉಚ್ಚಮ್ಮ, ದೇವನಕೊಂಡಕ್ಕೆ ಮದುವೆ ಮಾಡಿಕೊಟ್ಟಿದ್ದ ಅಣ್ಣತಮ್ಮಂದಿರ ಅಕ್ಕ.

"ನಾನ ಬಿಚ್ಚಿಸೀನಿ. ಬರ್ಕೋರಿ."

"ಯಾಕಮ್ಮಾ?"

"ಒಬ್ಬನ ಮನ್ಯಾಗ ಉಂಡ್ರ ಇನ್ನೊಬ್ಬ ಮಾರಿ ತಿರುಗಸ್ತಾನ. ಮೂರು ವರ್ಸ ಆತು ಸಾಯೇಬ್ರ, ಬಾವಿ ನೀರು ಕುಡ್ದು ಹಂಗ ಹೊಳ್ಳಿ ಹೋಗ್ತೀನಿ. ನನ್ನ ತವರು ಗ್ವಾಡಿಗೆ ಯಾ ಕಡಿ ಐತಿ? ಬಾಗ್ಲ ಇಲ್ದಿದ್ರ ಇಬ್ರೂ ಕೂಡೇ ಕಾವಲು ಕುಂದ್ರಬೇಕು." ಕೈ ನಿಂತಿತು. "ಕುಂತಿದ್ರೇನ್ರಿ?"

"ಕುಂತಿದ್ರವ್ವಾ. ತಂಬಿಗಿ ಒಂದ ಇತ್ತು."

ಉಚ್ಚಮ್ಮ ಸೆರಗಿನಿಂದ ಕಣ್ಣೊರೆಸಿ, ತಾನೇ ಮುಂದಾಗಿ ಠಾಣೆಗೆ ನಡೆದಳು. ಹನ್ನೆರಡಕ್ಕೆ ಬಂಧನ ದಾಖಲಾಯಿತು. ಜಾಮೀನಿಗೆ ಒಬ್ಬನ ಹೆಬ್ಬೆಟ್ಟು ಸಾಕು ಎಂದರು ಸಾಹೇಬರು. ಎರಡು ಬಿದ್ದವು.

ಸಂಜೆ ಮೂಕಪ್ಪ ಬಾಗಿಲು ಕೂಡಿಸಲು ಬಂದ. ಬರುವಾಗ ಹಾರೆಯನ್ನೂ ತಾ ಎಂದು ಅಣ್ಣತಮ್ಮಂದಿರು ಹೇಳಿ ಕಳಿಸಿದ್ದರು. ಹಾಗಾದರೆ ಉಚ್ಚಮ್ಮ ಅಂದು ಗೋಡೆಯ ಯಾವ ಕಡೆ ಕೂತು ಉಂಡಳು? ನೀವೇ ಹೇಳಿ ನೋಡೋಣ.