ಒಂದೇ ಚಿತ್ರ, ಇಬ್ಬರ ರೆಸ್ಯೂಮೆ

ಮಾರ್ಲಿಸ್‌ಗೆ ಆರೋಗ್ಯ ವಿಮೆ ಇರಲಿಲ್ಲ. ವರ್ಷಗಟ್ಟಲೆ ಯಂತ್ರಗಳ ಕೈಪಿಡಿಗಳಿಗೆ ಫ್ರೀಲಾನ್ಸ್ ಆಗಿ ಚಿತ್ರ ಬರೆದವಳು. ಯಾವ ಕಂಪನಿಯಲ್ಲೂ ಅವಳ ಹೆಸರಿಲ್ಲ. ಎಡಗಣ್ಣು ಮಂಜಾಗುತ್ತಿತ್ತು. ಬೇಗ ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಡುಲೂತ್‌ನ ದೋಣಿ ಎಂಜಿನ್ ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಕ್ಕರೆ ವಿಮೆ, ವಿಮೆ ಸಿಕ್ಕರೆ ಕಣ್ಣು.

ಆ ಶುಕ್ರವಾರ ಅವಳು ನಮ್ಮ ಕೆಳಮನೆಯ ಬಾಗಿಲು ಬಡಿದಾಗ ನಾನು ಮತ್ತು ವರ್ನಾ ಊಟಕ್ಕೆ ಕುಳಿತಿದ್ದೆವು. ವರ್ನಾ ವಿಮಾ ಕಂಪನಿಗೆ ಸುಳ್ಳು ಕ್ಲೇಮುಗಳನ್ನು ಹಿಡಿದುಕೊಡುತ್ತಿದ್ದವಳು. ನಾನು ಅವಳ ಕಾರು ಓಡಿಸುತ್ತಿದ್ದೆ. ನಿವೃತ್ತಿಯಾದ ಮೇಲೂ ನಾವೆಲ್ಲ ಇದ್ದ ಆ ಬಾಡಿಗೆ ಮನೆಯಲ್ಲಿ ಏನೇ ಆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು.

"ಕಾರ್ಖಾನೆಯೋರು ನನ್ನ ಕಳ್ಳಿ ಅಂದ್ಬಿಟ್ರು ವರ್ನಾ," ಎಂದಳು ಮಾರ್ಲಿಸ್. "ರೆಸ್ಯೂಮೆ ಜೊತೆ ನಾನು ಕಳಿಸಿದ್ದ ಚಿತ್ರಾನೇ ಇನ್ನೊಬ್ಬನೂ ಕಳಿಸಿದಾನಂತೆ. ಇಬ್ಬರನ್ನೂ ಪಟ್ಟಿಯಿಂದ ತೆಗೆದುಹಾಕಿದ್ರು. ಅವನು ಯಾರು ಗೊತ್ತಾ? ನಮ್ಮ ಮಹಡಿ ಆರ್ವಿಡ್! ವಾರ ವಾರ ನನ್ನ ಅಡುಗೆ ತಿಂದೋನು!"

"ಮೊದ್ಲು ಕೂತ್ಕೊಳ್ಳೇ. ನಿನ್ ಹತ್ರ ರಾಶಿ ಚಿತ್ರ ಇದಾವಲ್ಲ, ಅದನ್ನೇ ಯಾಕೆ ಕಳಿಸ್ದೆ?"

"ಲೈಲ್ ಆರಿಸ್ಕೊಟ್ಟ. ಕಂಪನಿಗಳಿಂದ ಕೆಲಸ ಹಿಡಿದು ನಂಗೆ ಕೊಡೋನು ಅವನೇ ಅಲ್ವಾ? ರೆಸ್ಯೂಮೆನೂ ತಿದ್ದಿದ. 'ಗೆರೆ ಮಾತ್ರ ನಂದು' ಅಂತ ಬರೆದಿದ್ದೆ. 'ಹಂಗೆ ಬರೆದ್ರೆ ಕೂಲಿಯವಳ ಥರ ಕಾಣ್ತೀಯ, ಪೂರ್ತಿ ಕೈಪಿಡಿ ನಂದೇ ಅಂತ ಬರಿ' ಅಂದ."

ವರ್ನಾ ಮಹಡಿಗೆ ಹೋದಳು. ಹಿಂದೆ ನಾನೂ ಹೋದೆ. ಆರ್ವಿಡ್ ಬಾಗಿಲಲ್ಲೇ ಸಿಡುಕಿದ: "ಕದ್ದಿದ್ದು ಅವಳು! ಲೈಲ್‌ನ ಕೇಳಿ, ಅದು ನಾನು ಮಾಡಿದ್ದು." ಆದರೂ ಕಂಪ್ಯೂಟರ್ ತೆರೆದು ತೋರಿಸಿದ. ಹಿಮ ಎಸೆಯುವ ಯಂತ್ರವನ್ನು ಬಿಚ್ಚಿಟ್ಟಂತೆ ತೋರಿಸುವ ಚಿತ್ರ. ಮಾರ್ಲಿಸ್ ನಮಗೆ ಕೊಟ್ಟಿದ್ದ ಪ್ರತಿಯಲ್ಲಿ ಬಣ್ಣ, ಅಂಕೆ ಇರಲಿಲ್ಲ. ಒಂದು ಬೋಲ್ಟಿನ ಕೆಳಗೆ ವಾಷರ್ ಕೂಡ ಇರಲಿಲ್ಲ. ಆರ್ವಿಡ್‌ನದರಲ್ಲಿ ಮೂರೂ ಇದ್ದವು, ಬೇರೆ ಬೇರೆ ಪದರಗಳಾಗಿ. ಅವನ್ನು ಒಂದೊಂದಾಗಿ ಮರೆಮಾಡಿದರೆ ಉಳಿಯುತ್ತಿದ್ದುದು ಮಾರ್ಲಿಸಳ ಚಿತ್ರವೇ.

"ಶೆಡ್ಡಲ್ಲಿರೋದು ಇದೇ ಯಂತ್ರ ಕಣೋ. ಅದರ ಕೈಪಿಡಿ ತಗೊಂಬಾ," ಎಂದಳು ವರ್ನಾ. ತಂದುಕೊಟ್ಟೆ. ಅದರಲ್ಲಿ ಅಚ್ಚಾದ ಚಿತ್ರದಲ್ಲಿ ಬಣ್ಣ, ಅಂಕೆ, ವಾಷರ್ ಎಲ್ಲವೂ ಇದ್ದವು.

ಭಾನುವಾರ ವರ್ನಾ ಮೂವರನ್ನೂ ಅಡುಗೆಮನೆಗೆ ಕರೆಸಿದಳು. ಲೈಲ್ ಬಂದವನೇ ತಾನೇ ಕಾಫಿ ಬಗ್ಗಿಸಿಕೊಂಡ.

"ಮಾರ್ಲಿಸ್ ಅಚ್ಚಿಂದಲೋ ಆರ್ವಿಡ್‌ನಿಂದಲೋ ಕದ್ದಿದ್ರೆ ಅವಳ ಚಿತ್ರದಲ್ಲೂ ವಾಷರ್ ಇರ್ಬೇಕಿತ್ತು," ಎಂದಳು ವರ್ನಾ. "ಅವಳ ಕಣ್ಣಿಗೆ ಅದು ಕಂಡಿಲ್ಲ. ಹಾಗಾಗಿ ಗೆರೆ ಅವಳದೇ. ಅಚ್ಚು ನೋಡಿ ನಕಲು ಮಾಡಿದ್ರೆ ಆರ್ವಿಡ್‌ಗೆ ವಾಷರ್ ಇಲ್ಲದ ಗೆರೆ ಎಲ್ಲಿ ಸಿಗ್ತಿತ್ತು? ಅವಳಿಂದ ಕದ್ದಿದ್ರೆ ಅವನು ಸೇರಿಸಿದ್ದು ಅಚ್ಚಿಗೆ ಹೇಗೆ ಹೋಯ್ತು? ಕೆಲಸ ಇವಳಿಂದ ಅವನಿಗೆ, ಅವನಿಂದ ಅಚ್ಚಿಗೆ ಹೋಗಿದೆ. ನಡುವೆ ಇದ್ದೋನು ಒಬ್ಬನೇ. ಆರ್ವಿಡ್, ಈ ಚಿತ್ರ ಕಳಿಸು ಅಂದೋರು ಯಾರು?"

ಆರ್ವಿಡ್ ಲೈಲ್‌ನನ್ನು ನೋಡಿದ. "ಇವನೇ. ಗೆರೆ ಯಾರದ್ದು ಅಂತ ಒಂದ್ಸಲಾನೂ ಹೇಳ್ಲಿಲ್ಲ. ಪೂರ್ತಿ ನಂದೇ ಅಂತ ಬರಿ ಅಂದೋನೂ ಇವನೇ."

"ಇಬ್ಬರೂ ಒಂದೇ ಕಾರ್ಖಾನೆಗೆ ಅರ್ಜಿ ಹಾಕ್ತಿರೋದು ಇವನಿಗೆ ಮಾತ್ರ ಗೊತ್ತಿತ್ತು," ಎಂದಳು ವರ್ನಾ. " ಒಬ್ಬರು ಹೋದ್ರೂ ಇವನ ಅಂಗಡಿ ಮುಚ್ಚುತ್ತೆ. ಇಬ್ಬರೂ ಸಿಕ್ಕಿಬೀಳ್ಲಿ ಅಂತಾನೇ ಒಂದೇ ಚಿತ್ರ ಕಳಿಸ್ಸಿದ."

"ನಾನೇನು ಕೈ ಹಿಡಿದು ಬರೆಸಿದ್ನಾ?" ಎಂದ ಲೈಲ್. "ಸುಳ್ಳಿಗೆ ಸಹಿ ಹಾಕಿದೋರು ಇವರು. ಪೊಲೀಸ್ ಕರೀತೀರಾ? ಕರೀರಿ."

ಕರೆಯುವಂಥದ್ದೇನೂ ಇರಲಿಲ್ಲ.

ಸೋಮವಾರ ವರ್ನಾ ಕಾರ್ಖಾನೆಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, "ಪೂರ್ತಿ ನಂದೇ ಅಂತ ಬರೆದಿದಾರಲ್ಲ, ಅದು ನಿಜಾನಾ?" ಎಂದಳು. ವರ್ನಾ "ಅಲ್ಲ" ಎಂದಳು. ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು.

ಆರ್ವಿಡ್ ಅದೇ ವಾರ ಲೈಲ್‌ನ ಮುಂದಿನ ಕೈಪಿಡಿ ಹಿಡಿದ. ಮಾರ್ಲಿಸ್ ಅವನಿಗೆ ಬಾಗಿಲು ತೆರೆಯಲಿಲ್ಲ. ಹಿಮ ಕರಗುವ ಹೊತ್ತಿಗೆ ಅವಳಿಗೆ ಗೆರೆಯನ್ನೂ ನೇರವಾಗಿ ಎಳೆಯಲಾಗುತ್ತಿರಲಿಲ್ಲ.

ಆರ್ವಿಡ್ ಕಳೆದುಕೊಂಡದ್ದು ಒಂದು ಕೆಲಸ, ಒಬ್ಬ ಗೆಳತಿ. ಮಾರ್ಲಿಸ್ ಕಳೆದುಕೊಂಡದ್ದು ಒಂದು ಕೆಲಸ, ಒಬ್ಬ ಗೆಳೆಯ, ಒಂದು ಕಣ್ಣು. ಲೈಲ್, ಏನೂ ಇಲ್ಲ.