ಎಡಮೂಲೆಯ ಅಳು

ಸತ್ತುಹೋದ ಅಮ್ಮ ಊರಿನ ಥಿಯೇಟರುಗಳಲ್ಲಿ ಕೂತು ಅಳುತ್ತಿದ್ದಾಳೆ ಎಂಬ ಸುದ್ದಿ ಮಗಳಿಗೆ ಮುಟ್ಟಿದ್ದು ಒಬ್ಬ ರೋಗಿಯ ಬಾಯಿಂದ. ಮಗಳು ಹಲ್ಲಿನ ಡಾಕ್ಟರು. ಶನಿವಾರ ಬೆಳಿಗ್ಗೆ ಹುಳುಕು ಹಲ್ಲು ಕೊರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಬಾಯಿ ಮುಕ್ಕಳಿಸಿ ಎಂದಳು. ಕುರ್ಚಿಯಲ್ಲಿದ್ದ ಹೆಂಗಸು ಮುಕ್ಕಳಿಸುವುದು ಬಿಟ್ಟು ಮೊಬೈಲ್ ತೆಗೆದಳು.

"ಈ ದೆವ್ವದ ಸಿನಿಮಾ ನೋಡಿದ್ರಾ ಡಾಕ್ಟ್ರೇ?"

ಒಂದು ಪೋಸ್ಟ್. ಬರೆದವರ ಹೆಸರಿಲ್ಲ, ಮುಖವಿಲ್ಲ. ಹಳೇ ಟಾಕೀಸಿನ ಟಿಕೆಟ್ಟಿನ ಫೋಟೊ, ಅದರ ಕೆಳಗೆ ನಾಲ್ಕು ಸಾಲು:

"ಕೊನೆಯಲ್ಲಿ ಅವಳು ದೀಪ ಆರಿಸುತ್ತಾಳೆ. ಪರದೆ ಕಪ್ಪಾಗುತ್ತದೆ. ಆಗ ಹಿಂದಿನ ಎಡಮೂಲೆಯಿಂದ ಅವಳು ಅಳುವುದು ಕೇಳಿಸುತ್ತದೆ. ಕಣ್ಣೊರೆಸಿಕೊಳ್ಳುತ್ತಾಳೆ, ಆದರೆ ಬಳೆ ಸದ್ದಾಗುವುದಿಲ್ಲ. ಬಂದು ಕೇಳಿ."

ಕೆಳಗೆ ಅಮ್ಮನ ಸಿನಿಮಾದ ಹೆಸರು ಹಿಡಿದು ಸಾವಿರಾರು ಜನರ ಮಾತು. ಬಳೆ ಸದ್ದಾಗದೇ ಇರೋದೇ ದೆವ್ವಕ್ಕೆ ಸಾಕ್ಷಿ ಅಂತ ಒಬ್ಬ. ಸತ್ತವರ ಕೈಯಲ್ಲಿ ಬಳೆ ಎಲ್ಲಿಂದ ಬರಬೇಕು ಅಂತ ಇನ್ನೊಬ್ಬ. ಕತ್ತಲಲ್ಲಿ ತಿರುಗಿ ನೋಡಿದವರು ಕಿರುಚುವ ವಿಡಿಯೊಗಳು ಬೇರೆ. ಮಗಳು ಮಿಕ್ಕ ಹಲ್ಲನ್ನು ಹೇಗೆ ಕೊರೆದಳೋ ಅವಳಿಗೇ ಗೊತ್ತಿಲ್ಲ.

ಅಮ್ಮ ನಟಿ. ಜೀವನವಿಡೀ ನಾಯಕನ ತಾಯಿ, ನಾಯಕಿಯ ಅತ್ತೆ, ಬಾಗಿಲು ತೆಗೆಯುವ ಪಕ್ಕದ ಮನೆಯವಳು — ಇಷ್ಟೇ. ಕೊನೆಗೊಂದು ಸಿನಿಮಾದಲ್ಲಿ, ಒಂಟಿ ದರ್ಜಿ ಹೆಂಗಸಿನ ಕಥೆಯಲ್ಲಿ, ಮೊದಲ ಸಲ ಮುಖ್ಯ ಪಾತ್ರ ಸಿಕ್ಕಿತು. ಅಷ್ಟರಲ್ಲಿ ಕಾಯಿಲೆ ಮೈಯೊಳಗೆ ಕೂತಾಗಿತ್ತು. ಡಬ್ಬಿಂಗ್ ಮುಗಿಸಿಕೊಟ್ಟು ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಕಣ್ಣಿಗೆ ಗ್ಲಿಸರಿನ್ ಹಾಕದೆ ಅವಳು ಅತ್ತಿದ್ದನ್ನು ಯಾರೂ ಕಂಡಿರಲಿಲ್ಲ. ನೋವು ಜಾಸ್ತಿಯಾದಾಗಲೂ, "ಏನಿಲ್ಲ ಬಿಡ್ರೋ" ಎನ್ನುವ ಬಿಗುಮಾನದ ಹೆಣ್ಣು. ಅಂಥವಳನ್ನು ದೆವ್ವ ಮಾಡಿ ಊರಿಗೆಲ್ಲ ಅಳಿಸಿ ತೋರಿಸುತ್ತಿದ್ದಾರಲ್ಲ, ಅವರ ಕೈ ಸೇದಿಹೋಗ.

ಸಿನಿಮಾ ತೆರೆಕಂಡ ಶುಕ್ರವಾರ, ಬೆಳಗಿನ ಮೊದಲ ಆಟಕ್ಕೆ ಖಾಲಿ ಕುರ್ಚಿಗಳೇ ಪ್ರೇಕ್ಷಕರಾಗಿದ್ದವು. ಹೀಗೇ ಇದ್ದರೆ ಸೋಮವಾರ ತೆಗೆದುಬಿಡುತ್ತೇವೆ ಅಂತ ಥಿಯೇಟರಿನವರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಪೋಸ್ಟ್ ಬಂತು ನೋಡಿ, ಶನಿವಾರ ಸಂಜೆಗೆ ಟಿಕೆಟ್ ಸಿಗಲಿಲ್ಲ. ಮಗಳು ಹೇಗೋ ಮಾಲ್‌ನಲ್ಲೊಂದು ಸೀಟು ಹಿಡಿದು ಕೂತಳು. ದೀಪ ಆರಿತು. ಪರದೆ ಕಪ್ಪಾಯಿತು. ಹಿಂದಿನ ಎಡಮೂಲೆಯಿಂದ, ತೀರಾ ಮೆಲ್ಲಗೆ, ಉಸಿರು ಕಟ್ಟಿ ಬಿಡುವ ಸದ್ದು. ಬಾಯಿಗೆ ಸೆರಗು ತುರುಕಿಕೊಂಡು ಅಳುವ ಸದ್ದು. ಮಗಳು ಅಮ್ಮನ ಅಳು ಕೇಳಿದ್ದು ಅದೇ ಮೊದಲು. ಆದರೂ ಗುರುತು ಸಿಕ್ಕಿತು.

ಭಾನುವಾರ ಬೆಳಿಗ್ಗೆ ಅವಳು ನಿರ್ದೇಶಕರಿಗೆ ಫೋನ್ ಮಾಡಿದಳು. ಆ ಅಳು ಎಲ್ಲಿಂದ ಬಂತೋ ತನಗೂ ಗೊತ್ತಿಲ್ಲ, ಮನೆಯವರು ನೀವು, ಇರಲಿ ಅಂದರೆ ಇರುತ್ತೆ, ತೆಗೀರಿ ಅಂದರೆ ಇವತ್ತೇ ತೆಗೆಸ್ತೀನಿ ಎಂದರು ಅವರು. ಯಾರು ಬರೆದರು ಅಂತ ತಿಳಿಯದೆ ಮಗಳಿಗೆ ಹೂಂ ಅನ್ನಲೂ ಆಗಲಿಲ್ಲ, ಉಹೂಂ ಅನ್ನಲೂ ಆಗಲಿಲ್ಲ. ನೇರ ಹದ್ದುಗಣ್ಣಿನವರ ಬಳಿ ಹೋದಳು.

ಹದ್ದುಗಣ್ಣು ಅಂದರೆ ಖಾಸಗಿ ಪತ್ತೇದಾರರು; ಹಿಂದೆ ಪೊಲೀಸಿನಲ್ಲಿದ್ದವರು. ಬಾಟಲಿ ತಳದಂಥ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿದ್ದ ಪೆನ್ನನ್ನೇ ತಡಕಾಡುವ ಮನುಷ್ಯನಿಗೆ ಆ ಹೆಸರಿಟ್ಟವರು ಯಾರೋ, ಭಾರಿ ಕುಚೋದ್ಯದವರು. ಅವರು ಪೋಸ್ಟನ್ನು ಮೂಗಿಗೆ ತಾಗಿಸಿಕೊಂಡು ಓದಿದರು.

"ನಿಮ್ಮ ತಾಯಿ ಬಳೆ ಹಾಕ್ತಿದ್ರೇನಮ್ಮ?"

"ಎರಡು ಕೈಗೂ ಬೆಳ್ಳಿ ಬಳೆ. ಮನೇಲಿ ಎಲ್ಲಿದ್ದಾಳೆ ಅಂತ ಸದ್ದಲ್ಲೇ ಗೊತ್ತಾಗ್ತಿತ್ತು ಸಾರ್. ಆಮೇಲೆ ಬೀರು ಎಲ್ಲ ಹುಡುಕಿದೆ, ಸಿಗಲಿಲ್ಲ."

"ಸಿನಿಮಾ ಹೊರಗೆ ಬರೋ ಮುಂಚೆ ಯಾರ್ಯಾರು ನೋಡಿದ್ರು?"

ಸ್ಟುಡಿಯೊದ ಸಣ್ಣ ಕೋಣೆಯಲ್ಲಿ ಒಂದೇ ಒಂದು ಸಲ ಹಾಕಿದ್ದರು. ನಿರ್ದೇಶಕರು, ಧ್ವನಿ ಜೋಡಿಸಿದ ಎಂಜಿನಿಯರ್, ಪ್ರಚಾರದವನು, ಅಪ್ಪ. ಮಗಳಿಗೆ ಹೋಗುವ ಧೈರ್ಯ ಬಂದಿರಲಿಲ್ಲ.

ಪ್ರಚಾರದವನ ಮೇಲೆಯೇ ಮಗಳಿಗೆ ಗುಮಾನಿ. ಸತ್ತವರನ್ನೂ ಬಿಡದೆ ಮಾರುವ ಜಾತಿ ಅದು. ಇಬ್ಬರೂ ಅವನ ಆಫೀಸಿಗೆ ಹೋದಾಗ ಅವನು ಖುಷಿಯಲ್ಲಿ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಹದ್ದುಗಣ್ಣಿನವರು ಸುತ್ತಿ ಬಳಸದೆ ಕೇಳಿದರು — ಬರೆದದ್ದು ನೀನಾ?

"ನಾನು ಬರೆದಿದ್ರೆ ಸಿನಿಮಾ ಹೆಸರು ಹಾಕದೆ ಬಿಡ್ತಿದ್ನಾ ಸಾರ್? ನಾಯಿಗೂ ಗೊತ್ತು, ಸಿನಿಮಾ ಹೆಸರಿಲ್ಲದ ಪೋಸ್ಟ್ ಪ್ರಚಾರಕ್ಕೆ ಯಾರೂ ಹಾಕಲ್ಲ. ಟಿಕೆಟ್ ಫೋಟೊದಲ್ಲಿ ಹೆಸರು ಓದೋಕೆ ಭೂತಗನ್ನಡಿ ಬೇಕು. ನಾನೇ ಕಷ್ಟಪಟ್ಟು ಕಂಡುಹಿಡಿದು ಹಂಚಿದೆ."

ಹೊಟ್ಟೆ ಉರಿಸುವ ಮಾತು. ಆದರೆ ಸುಳ್ಳಿನ ವಾಸನೆ ಬರಲಿಲ್ಲ.

ಎಂಜಿನಿಯರ್ ಸ್ಟುಡಿಯೊದಲ್ಲಿ ಕಂಪ್ಯೂಟರ್ ಮುಂದೆ ಮುಖ ಬಿಳಿಚಿಕೊಂಡು ಕೂತಿದ್ದ. ಬೆಳಗಿನಿಂದ ಹುಡುಕಿ, ಅಳು ಎಲ್ಲಿದೆ ಅಂತ ಪತ್ತೆ ಹಚ್ಚಿದ್ದ. ಅವರ ಕೆಲಸದಲ್ಲೊಂದು ರೂಢಿ ಇದೆಯಂತೆ. ಮಾತುಗಳ ರೆಕಾರ್ಡಿಂಗ್ ಮುಗಿದ ಮೇಲೆ ಖಾಲಿ ಕೋಣೆಯ ಮೌನವನ್ನೂ ಒಂದಿಷ್ಟು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಸಿನಿಮಾದಲ್ಲಿ ಮಾತಿಲ್ಲದ ಕಡೆ ಆ ಮೌನವನ್ನು ತುಂಬುತ್ತಾರೆ. ಇಲ್ಲದಿದ್ದರೆ ಕಿವಿಗೆ ಗುಂಡಿಯೊಳಗೆ ಬಿದ್ದಂತಾಗುತ್ತದಂತೆ. ಅಮ್ಮನ ಕೊನೆಯ ದಿನ ಮಷೀನು ಓಡಲು ಬಿಟ್ಟು ಎಂಜಿನಿಯರ್ರೂ ನಿರ್ದೇಶಕರೂ ಟೀ ಕುಡಿಯಲು ಹೋಗಿದ್ದರು. ಅಮ್ಮ ಒಳಗೇ ಕೂತಿದ್ದಳು. ಮೈಕು ಆರಿದೆ ಅಂದುಕೊಂಡಿದ್ದಳೇನೋ, ಪಾಪ.

"ಜೋಡಿಸೋವಾಗ ಕೇಳಲಿಲ್ವಾ?" ಎಂದಳು ಮಗಳು.

"ಮಾತನ್ನ ನೂರು ಸಲ ಕೇಳ್ತೀವಿ ಮೇಡಂ. ಮೌನಾನ ಯಾರು ಕೂತು ಕೇಳ್ತಾರೆ? ಹಿಂದಿನ ಎಡ ಸ್ಪೀಕರಿಗೆ ಹಾಕಿ ಮರೆತುಬಿಟ್ಟೆ."

ಹಿಂದಿನ ಸ್ಪೀಕರು! ಹದ್ದುಗಣ್ಣಿನವರ ಕಿವಿ ನೆಟ್ಟಗಾಯಿತು. ಅಲ್ಲಿಂದ ಸೀದಾ ಟಿಕೆಟ್ ಫೋಟೊದಲ್ಲಿದ್ದ ಹಳೇ ಟಾಕೀಸಿಗೆ. ಕಿತ್ತುಹೋದ ಸೀಟುಗಳು, ಪಾಚಿ ಬಣ್ಣದ ಪರದೆ, ಗೋಡೆಯ ಮೇಲೆ ಧೂಳಿನ ಗೂಡಾದ ಸ್ಪೀಕರುಗಳು. ಮಾಲೀಕರು ತಲೆ ಚಚ್ಚಿಕೊಂಡರು. ಹಿಂದಿನ ಸ್ಪೀಕರುಗಳು ಕೆಟ್ಟು ವರ್ಷಗಳೇ ಆಗಿವೆ, ಈ ಪುಣ್ಯಾತ್ಮ ಯಾರೋ ಅಳು ಕೇಳಿಸ್ತು ಅಂತ ಬರೆದು ಜನ ಎಲ್ಲ ನುಗ್ತಿದ್ದಾರೆ, ದೆವ್ವ ಬರಲಿಲ್ಲ ಅಂತ ನನ್ನ ಜೊತೆ ಜಗಳ ಆಡ್ತಾರೆ ಅಂದರು. ತಮಾಷೆ ಅಂದರೆ, ಇದೇ ಹಾಲ್‌ನಲ್ಲಿ ಅಳು ಕೇಳಿಸಿತು ಅಂತ ಆಣೆ ಹಾಕಿ ಬರೆದವರೂ ಇದ್ದರು.

ಹದ್ದುಗಣ್ಣಿನವರು ಇನ್ನೊಂದು ಮಾತು ಕೇಳಿ ಖಚಿತ ಮಾಡಿಕೊಂಡರು. ಶುಕ್ರವಾರ ಬೆಳಗಿನ ಆಟ ಇದ್ದದ್ದು ಈ ಟಾಕೀಸಿನಲ್ಲಿ ಮಾತ್ರ. ಉಳಿದ ಕಡೆ ಮಧ್ಯಾಹ್ನದಿಂದ. ಪೋಸ್ಟ್ ಬಂದದ್ದು ಮಧ್ಯಾಹ್ನಕ್ಕೆ ಮುಂಚೆ. ಹೊರಗೆ ಬಂದು ಅವರು ಕನ್ನಡಕ ಒರೆಸಿ ಹಾಕಿಕೊಂಡರು.

"ಮನೆಗೆ ಹೋಗೋಣಮ್ಮ," ಎಂದರು.

ಅಪ್ಪ ಎಲ್ಲಿಗೋ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಮಧ್ಯಾಹ್ನ ಮಲಗುವುದೇ ಅವನ ಕೆಲಸವಾಗಿತ್ತು. ಈ ಮೂರು ದಿನ ಮಾತ್ರ ವಾಕಿಂಗ್ ಅಂತ ಹೋಗುತ್ತಿದ್ದ. ಮನೆ ಬಿಕೋ ಎನ್ನುತ್ತಿತ್ತು. ಅಮ್ಮನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಹದ್ದುಗಣ್ಣಿನವರು ನಿಂತೇ ಮಾತಾಡಿದರು.

"ನೋಡಮ್ಮ, ಬರೆದವರು ಅಳುವನ್ನ ಆ ಟಾಕೀಸಲ್ಲಿ ಕೇಳಿಲ್ಲ. ಕೇಳೋಕೆ ಸಾಧ್ಯಾನೇ ಇಲ್ಲ. ಬೇರೆ ಕಡೆ ಇನ್ನೂ ಆಟ ಶುರುವಾಗಿರಲಿಲ್ಲ. ಅಂದ್ರೆ, ಸ್ಟುಡಿಯೊದಲ್ಲಿ ಮೊದಲೇ ನೋಡಿದ ನಾಲ್ವರಲ್ಲಿ ಒಬ್ಬರು."

"ಅದರಲ್ಲಿ ಯಾರು ಸಾರ್?"

"ಬಳೆ ಹೇಳುತ್ತೆ. ಊರೆಲ್ಲ ಅದನ್ನ ದೆವ್ವಕ್ಕೆ ಸಾಕ್ಷಿ ಅಂದುಕೊಳ್ತು, ಯಾರೂ ಯೋಚನೆ ಮಾಡಲಿಲ್ಲ. ಮೈಕಿನ ಮುಂದೆ ಕೂರೋರು ಸದ್ದಾಗಬಾರದು ಅಂತ ಬಳೆ ಬಿಚ್ಚಿಟ್ಟೇ ಕೂರ್ತಾರೆ. ನಿರ್ದೇಶಕರಿಗೂ ಎಂಜಿನಿಯರಿಗೂ ಅದು ದಿನದ ಮಾತು, ಸದ್ದಿಲ್ಲ ಅಂತ ಅವರಿಗೆ ಅನ್ನಿಸೋದೇ ಇಲ್ಲ. ಪ್ರಚಾರದವನಿಗೆ ನಿಮ್ಮಮ್ಮನ ಬಳೆಯ ಗೊಡವೆಯೇ ಇಲ್ಲ. ಇರಬೇಕಾದ ಸದ್ದು ಇಲ್ಲ ಅಂತ ಯಾರಿಗೆ ಅನ್ನಿಸುತ್ತೆ? ದಿನಾ ಆ ಸದ್ದು ಕೇಳಿ ಬದುಕಿದವರಿಗೆ." ಅವರು ಅಪ್ಪನ ಕಡೆ ತಿರುಗಿದರು. "ಯಜಮಾನರೇ, ಆವತ್ತು ಬಳೆ ಬಿಚ್ಚಿ ಯಾರ ಕೈಗೆ ಕೊಟ್ಟರು?"

ಅಪ್ಪ ಜೇಬಿಗೆ ಕೈ ಹಾಕಿದ. ಕರವಸ್ತ್ರದ ಗಂಟು. ಒಳಗೆ ನಾಲ್ಕು ಬೆಳ್ಳಿ ಬಳೆ.

"ಅಪ್ಪಾ, ನೀನಾ? ಅಮ್ಮನ್ನ ದೆವ್ವ ಮಾಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?"

"ದೆವ್ವ ಅಂತ ನಾನೆಲ್ಲಿ ಬರೆದೆ?" ಅಪ್ಪನ ದನಿ ಕೇಳಿಸುವುದೇ ಕಷ್ಟವಾಯಿತು. "ಅವರು ಟೀಗೆ ಹೋದಾಗ ನಾನು ಗಾಜಿನ ಈಚೆ ಕೂತಿದ್ದೆ. ಸ್ಪೀಕರಲ್ಲಿ ಕೇಳಿಸ್ತು. ಇಷ್ಟು ವರ್ಷದಲ್ಲಿ ನನ್ನೆದುರು ಒಂದು ಸಲ ಅತ್ತವಳಲ್ಲ. ಒಳಗೆ ಹೋಗಿ ಕೈ ಹಿಡ್ಕೋಬೇಕಿತ್ತು. ನಾನು ನೋಡಿದೆ ಅಂತ ಗೊತ್ತಾದ್ರೆ ಅವಳಿಗೆ ಅವಮಾನ ಆಗುತ್ತೆ ಅಂತ ಸುಮ್ಮನೆ ಕೂತೆ. ಆಮೇಲೆ ಸ್ಟುಡಿಯೊದಲ್ಲಿ ಸಿನಿಮಾ ಹಾಕಿದಾಗ ಹಿಂದಿನ ಎಡಮೂಲೆಯಿಂದ ಅದೇ ಅಳು ಬಂತು, ನನ್ನೊಬ್ಬನಿಗೇ ಗುರುತು ಸಿಕ್ತು."

ಶುಕ್ರವಾರ ಖಾಲಿ ಹಾಲ್‌ನಲ್ಲಿ ಅವಳೊಬ್ಬಳೇ ಪರದೆಯ ಮೇಲೆ ದೀಪ ಆರಿಸಿದಾಗ, ಸ್ಟುಡಿಯೊದ ಆ ಕೋಣೆಯೇ ಮತ್ತೆ ಕಣ್ಣಿಗೆ ಕಟ್ಟಿತಂತೆ. ಈ ಸಲವೂ ಯಾರೂ ಜೊತೆಗಿಲ್ಲದೆ ಹೋಗುತ್ತಾಳಲ್ಲ ಅನ್ನಿಸಿತಂತೆ. ಆಸ್ಪತ್ರೆಯಿಂದ ಸುದ್ದಿ ಕಳಿಸಲಿ ಅಂತ ಮೊಬೈಲ್‌ನಲ್ಲಿ ಬರೆಯೋದನ್ನ ಮಗಳೇ ಕಲಿಸಿಕೊಟ್ಟಿದ್ದಳಲ್ಲ, ಅದೇ ಒಂಟಿ ಬೆರಳಿನಲ್ಲಿ ಟಾಕೀಸಿನ ಮೆಟ್ಟಿಲ ಮೇಲೆ ಕೂತು ಬರೆದನಂತೆ. ಹತ್ತು ಜನ ಬಂದು ಅವಳ ಜೊತೆ ಕೂತರೆ ಸಾಕು ಅಂದುಕೊಂಡಿದ್ದನಂತೆ.

"ಮತ್ತೆ ದಿನಾ ಎಲ್ಲಿಗೆ ಹೋಗ್ತೀಯ?"

"ಹಳೇ ಟಾಕೀಸಿಗೆ. ಅಲ್ಲಿ ಅಳು ಕೇಳಿಸಲ್ಲ ಮಗಾ. ಅವಳು ಮಾತ್ರ ಕಾಣಿಸ್ತಾಳೆ."

ಹದ್ದುಗಣ್ಣಿನವರು ಕನ್ನಡಕ ತೆಗೆದು ಕಿಟಕಿಯ ಕಡೆ ಮುಖ ತಿರುಗಿಸಿದರು. ಕನ್ನಡಕವಿಲ್ಲದೆ ಅವರಿಗೆ ಕಿಟಕಿಯೂ ಕಾಣುವುದಿಲ್ಲ.

ಮಧ್ಯಾಹ್ನದ ಆಟಕ್ಕೆ ಅಪ್ಪನ ಪಕ್ಕ ಮಗಳೂ ಕೂತಳು. ಕೊನೆಯ ಸಾಲು, ಎಡಮೂಲೆ. ಹಾಲ್ ಕಿಕ್ಕಿರಿದಿತ್ತು. ಅಮ್ಮ ಹೊಲಿಗೆ ಮಷೀನಿನ ಮುಂದೆ ಬಾಗಿದಳು, ನಕ್ಕಳು, ಬೈದಳು, ದೀಪ ಆರಿಸಿದಳು. ಕತ್ತಲು. ಅಷ್ಟೂ ಜನ ಉಸಿರು ಬಿಗಿಹಿಡಿದು ಅಳುವಿಗೆ ಕಾದರು. ಏನೂ ಇಲ್ಲ.

ಅಪ್ಪ ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆದ. ಗಂಟು ಸಡಿಲವಾಗಿತ್ತು. ಕತ್ತಲಲ್ಲಿ ಬಳೆಗಳು ಘಲ್ಲೆಂದವು — ಅಡುಗೆಮನೆಯಿಂದ ಅಮ್ಮ ಎದ್ದು ಬರುವಾಗ ಆಗುತ್ತಿದ್ದ ಅದೇ ಸದ್ದು.

ಇಡೀ ಹಾಲ್ ತಿರುಗಿತು. ಯಾರೂ ಕಿರುಚಲಿಲ್ಲ. ಮಗಳು ಅಪ್ಪನ ಕೈ ಹಿಡಿದುಕೊಂಡಳು, ಬಳೆ ಸಮೇತ.

ಹೊರಗೆ ಬಂದವಳೇ ನಿರ್ದೇಶಕರಿಗೆ ಫೋನ್ ಮಾಡಿದಳು. "ಅಳು ತೆಗೆಸಿಬಿಡಿ ಸಾರ್. ಅದು ಅಮ್ಮ ಯಾರಿಗೂ ತೋರಿಸಬೇಕು ಅಂತ ಅತ್ತಿದ್ದಲ್ಲ."

ನಿರ್ದೇಶಕರು ತಡೆದು ತಡೆದು ಕೇಳಿದರು. ಅಳು ಹೋದರೆ ಜನವೂ ಹೋದರೆ?

ಮಗಳು ತಿರುಗಿ ನೋಡಿದಳು. ಅಪ್ಪ ಟಿಕೆಟ್ ಕಿಟಕಿಯ ಮುಂದೆ ನಿಂತು ನಾಳೆಯ ಆಟಕ್ಕೆ ಎರಡು ಬೆರಳು ತೋರಿಸುತ್ತಿದ್ದ. ಪಕ್ಕದಲ್ಲೇ ಆಗಷ್ಟೇ ಹೊರಬಂದ ಇಬ್ಬರು ಹುಡುಗಿಯರು ಮೊಬೈಲ್ ಮೇಲೆ ಬಾಗಿದ್ದರು. ಒಬ್ಬಳು ಬರೆಯುತ್ತಾ ಜೋರಾಗಿ ಓದಿ ಹೇಳುತ್ತಿದ್ದಳು:

"ಹಳೇ ಟಾಕೀಸಿಗೆ ಬನ್ನಿ. ಅವಳು ಅಳೋದು ನಿಲ್ಲಿಸಿದ್ದಾಳೆ. ಇವತ್ತು ಬಳೆ ಹಾಕ್ಕೊಂಡು ಬಂದಿದ್ದಳು."